ಕಾಡಂಚಿನ ಊರುಗಳಲ್ಲಿ ಅಮೆರಿಕದ ಹಳೆಯ ಗಾಡಿಗಳು

ಅಮೆರಿಕದ ಹಳೆಯ ಮೋಟಾರು ಗಾಡಿಗಳನ್ನು ಗುರುತಿಸುವುದು, ಕೊಳ್ಳುವುದು, ಮೊದಲಿನ ರೂಪಕ್ಕೆ ತರುವುದು, ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಕರ್ನಾಟಕದಲ್ಲಿ ಬಹುಕಾಲದಿಂದ ಇರುವ ಹವ್ಯಾಸ. ಬೆಂಗಳೂರಿನಲ್ಲಿ ಇದಕ್ಕೆಂದೇ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವಿದೆ. ಶ್ರೀರಂಗಪಟ್ಟಣದ ಹತ್ತಿರ ಗಾಡಿಯ ಚಕ್ರದ ಆಕಾರದಲ್ಲಿ ಕಟ್ಟಿದ ‘ಪಯಣ’ ವಸ್ತುಸಂಗ್ರಹಾಲಯವೂ ಇದೆ. ಇವನ್ನೆಲ್ಲ ನೋಡಿದವರಿಗೆ ಇದು ಅರಮನೆ ಮತ್ತು ಸಿರಿವಂತ ಮನೆತನಗಳ ವ್ಯವಹಾರ ಎನಿಸುವುದು ಸಹಜ. ಆದರೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಸನವಳ್ಳಿಯಂಥ ಊರಿನಿಂದ ಹಳಿಯಾಳ, ದಾಂಡೇಲಿ, ಜೋಯಿಡಾಗಳ ಕಡೆಗೆ ಹೋದರೆ ಈ ಹವ್ಯಾಸದ ಇನ್ನೊಂದು ಮುಖ ಕಾಣುತ್ತದೆ. ಇಲ್ಲಿ ಅಮೆರಿಕದ ಗಾಡಿ ಮೆರವಣಿಗೆಗೆ ಬಂದದ್ದಲ್ಲ, ದುಡಿಮೆಗೆ ಬಂದದ್ದು. ಕಾಡಿನ ದಾರಿಯಲ್ಲಿ ನಾಟಾ, ಅಡಿಕೆ, ಅಧಿಕಾರಿಗಳು, ರೋಗಿಗಳು ಎಲ್ಲವನ್ನೂ ಹೊತ್ತದ್ದು ಜೀಪು. ಈ ಭಾಗದಲ್ಲಿ ಹವ್ಯಾಸ ಶುರುಮಾಡುವವರಿಗೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಎಷ್ಟು ಹಳೆಯದಾದರೆ ಗಾಡಿ ‘ಕ್ಲಾಸಿಕ್’ ಎಂಬುದಕ್ಕೆ ಒಂದೇ ಅಳತೆಗೋಲಿಲ್ಲ. ಸಾಮಾನ್ಯ ರೂಢಿಯಲ್ಲಿ 1919ರಿಂದ 1930ರವರೆಗಿನವು ವಿಂಟೇಜ್, ಎರಡನೆಯ ಮಹಾಯುದ್ಧದ ನಂತರದವು ಕ್ಲಾಸಿಕ್. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿ ಕಾಪಾಡಿದ ಗಾಡಿಯನ್ನು ಐತಿಹಾಸಿಕ ವಾಹನ ಎನ್ನುತ್ತದೆ. ಭಾರತದ ಕಾನೂನಿನಲ್ಲಿ ಮಾತ್ರ ವಿಂಟೇಜ್ ಎನ್ನಲು ಗೆರೆ ಸ್ಪಷ್ಟವಾಗಿದೆ: ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು.

ಅಮೆರಿಕದ ಕಾರುಗಳು ಇಲ್ಲಿಗೆ ಬಂದ ಬಗೆಯನ್ನು ತಿಳಿಯದೆ ಅವುಗಳನ್ನು ಗುರುತಿಸುವುದು ಕಷ್ಟ. ಬ್ರಿಟಿಷರ ಆಳ್ವಿಕೆಯಲ್ಲಿ ಸಾಮ್ರಾಜ್ಯದೊಳಗೆ ತಯಾರಾದ ಸರಕಿಗೆ ಸುಂಕದಲ್ಲಿ ರಿಯಾಯಿತಿ ಇತ್ತು. ಹಾಗಾಗಿ ಫೋರ್ಡ್, ಬ್ಯೂಕ್ ಮೊದಲಾದ ಅನೇಕ ಕಾರುಗಳು ಡೆಟ್ರಾಯಿಟ್‌ನ ಬದಲು ಕೆನಡಾದ ಕಾರ್ಖಾನೆಗಳಿಂದ, ಬಲಗಡೆ ಸ್ಟಿಯರಿಂಗ್ ಕೂಡಿಸಿಕೊಂಡು ಬರುತ್ತಿದ್ದವು. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಭಾರತದ ಮಣ್ಣುರಸ್ತೆಗಳನ್ನೂ ಕಂಡಿತು. ಅದರ ಮೂರು ಪೆಡಲುಗಳು ಇಂದಿನ ಚಾಲಕರನ್ನು ಗಲಿಬಿಲಿಗೊಳಿಸುತ್ತವೆ: ಎಡದ್ದು ಗೇರಿಗೆ, ನಡುವಿನದು ಹಿಂದೆ ಹೋಗಲು, ಬಲದ್ದು ಬ್ರೇಕಿಗೆ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆ ತೆರೆದ ಮೇಲೆ ಷೆವರ್ಲೆ ಕಾರು ಮತ್ತು ಲಾರಿಗಳು ಹೇರಳವಾಗಿ ಸಿಗತೊಡಗಿದವು. ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತ್ಯದಲ್ಲೇ ಇದ್ದದ್ದರಿಂದ ಇಲ್ಲಿಯ ಮೋಟಾರು ವ್ಯವಹಾರಕ್ಕೆ ಮುಂಬಯಿ ಮತ್ತು ಹುಬ್ಬಳ್ಳಿಗಳೇ ಆಸರೆ. ಆ ಕಾಲದ ಗಾಡಿಗಳ ಹಳೆಯ ಕಾಗದಗಳಲ್ಲಿ ಮುಂಬಯಿ ಪ್ರಾಂತ್ಯದ ನಂಬರು ಇರುತ್ತದೆ. ಮೈಸೂರು ರಾಜ್ಯದ ಮತ್ತು ಆಮೇಲಿನ ಕರ್ನಾಟಕದ ನಂಬರುಗಳು ‘ಎಂವೈ’, ‘ಸಿಎ’ ಎಂದು ಶುರುವಾಗುತ್ತಿದ್ದವು. ಈಗಿನ ‘ಕೆಎ’ ಬಂದದ್ದು ಅವುಗಳ ನಂತರ.

ಇದೇ ಕಥೆಯಲ್ಲಿ ಕನ್ನಡಿಗರು ಮರೆಯಬಾರದ ಅಧ್ಯಾಯವೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವೆ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಮೈಸೂರು ಸರ್ಕಾರ ಬೆಂಬಲಿಸಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ಹೊತ್ತಿನಲ್ಲಿ, 1940ರ ಡಿಸೆಂಬರಿನಲ್ಲಿ, ವಾಲ್ಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಮೋಟಾರು ಕಾರ್ಖಾನೆ ಮುಂಬಯಿಯ ಕುರ್ಲಾಕ್ಕೆ ಹೋಯಿತು. 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ 1947ರಿಂದ ಅಲ್ಲಿ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳನ್ನೂ ಡಾಜ್, ಫಾರ್ಗೊ ಲಾರಿಗಳನ್ನೂ ಹೊರತಂದಿತು. ಇಂದು ಯಾವುದೋ ವಾಡೆಯಲ್ಲೋ ರೈಸ್ ಮಿಲ್ಲಿನ ಹಿಂದೋ ನಿಂತಿರುವ ಡಾಜ್ ಕಿಂಗ್ಸ್‌ವೇಯ ಬೆನ್ನಿಗೆ ಬೆಂಗಳೂರು ಕಳೆದುಕೊಂಡ ಆ ಕಾರ್ಖಾನೆಯ ಚರಿತ್ರೆಯೂ ಇದೆ.

ಸ್ಟುಡಿಬೇಕರ್ ಕಾರುಗಳನ್ನು ಹಿಂದೂಸ್ತಾನ್ ಮೋಟಾರ್ಸ್ ಜೋಡಿಸುತ್ತಿತ್ತು. ಕನ್ನಡದ ಓದುಗರಿಗೆ ಈ ಹೆಸರು ಕುವೆಂಪು ಅವರ ಮನೆಯ ಕಾರಿನಿಂದ ಪರಿಚಿತ. 1953ರಲ್ಲಿ ಭಾರತ ಸರ್ಕಾರ ಬರೀ ಜೋಡಣೆ ಮಾಡುವ ಕಂಪನಿಗಳಿಗೆ, ಒಂದೋ ಇಲ್ಲೇ ಬಿಡಿಭಾಗ ತಯಾರಿಸಿ ಇಲ್ಲವೇ ಮುಚ್ಚಿ ಎಂದಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಎರಡೂ ಹೊರಟವು. ಆಮೇಲೆ ಬಂದ ಅಮೆರಿಕದ ಕಾರುಗಳಲ್ಲಿ ಬಹುಪಾಲು ರಾಯಭಾರ ಕಚೇರಿಗಳ ಮೂಲಕ ಬಂದಂಥವು. ರಾಯಭಾರಿಗಳು ಬಳಸಿ ಬಿಟ್ಟ ಷೆವರ್ಲೆ ಇಂಪಾಲಾಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ಜೋಯಿಡಾದ ಗಡಿಯಾಚೆಗಿನ ಗೋವಾದಲ್ಲಿ ಪರಿಸ್ಥಿತಿ ಬೇರೆ. 1961ರ ಡಿಸೆಂಬರ್‌ವರೆಗೆ ಅದು ಪೋರ್ಚುಗೀಸರ ಕೈಯಲ್ಲಿದ್ದದ್ದರಿಂದ ಭಾರತದ ಆಮದು ನಿರ್ಬಂಧ ಅಲ್ಲಿಗೆ ತಾಗುತ್ತಿರಲಿಲ್ಲ. ಆದ್ದರಿಂದ ಈ ಭಾಗದಲ್ಲಿ 1950ರ ದಶಕದ ಕೊನೆಯ ವಿದೇಶಿ ಕಾರು ಕಂಡರೆ ಅದರ ಮೊದಲ ಕಾಗದ ಗೋವಾದ್ದೇ ಎಂದು ನೋಡುವುದು ಒಳ್ಳೆಯದು.

ಜೀಪಿನ ದಾರಿಯೇ ಬೇರೆ. ಯುದ್ಧಕ್ಕಾಗಿ 1941ರಿಂದ 1945ರವರೆಗೆ ಅಮೆರಿಕದಲ್ಲಿ ತಯಾರಾದ ಜೀಪುಗಳು ಸುಮಾರು 6.4 ಲಕ್ಷ. ವಿಲ್ಲೀಸ್ ಕಂಪನಿ ಸುಮಾರು 3.6 ಲಕ್ಷವನ್ನೂ, ಅದೇ ನಕ್ಷೆಯ ಮೇಲೆ ಫೋರ್ಡ್ ಸುಮಾರು 2.8 ಲಕ್ಷವನ್ನೂ ಮಾಡಿದವು. ಬರ್ಮಾ ರಣರಂಗಕ್ಕೆಂದು ಭಾರತಕ್ಕೆ ಬಂದ ಗಾಡಿಗಳಲ್ಲಿ ಎಷ್ಟೋ ಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಹರಾಜಾಗಿ ಜನರ ಕೈಸೇರಿದವು. 1945ರಲ್ಲಿ ಹುಟ್ಟಿದ ಮಹೀಂದ್ರಾ ಕಂಪನಿ 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪುಗಳನ್ನು ಮುಂಬಯಿಯ ಮಜಗಾಂವಿನಲ್ಲಿ ಜೋಡಿಸತೊಡಗಿತು, ಆಮೇಲೆ ಇಲ್ಲೇ ತಯಾರಿಸಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಸಿಜೆ-3ಬಿ ಮಾದರಿ ಭಾರತದಲ್ಲಿ ಅದಾದ ಮೇಲೂ ದಶಕಗಟ್ಟಲೆ ಬಾಳಿತು. ಅರಣ್ಯ ಇಲಾಖೆ, ಲೋಕೋಪಯೋಗಿ, ಪೊಲೀಸ್, ಆರೋಗ್ಯ ಇಲಾಖೆಗಳು ಅದನ್ನು ಬಳಸಿ ಹರಾಜಿಗಿಟ್ಟವು, ಹರಾಜಿನಲ್ಲಿ ಹಿಡಿದವರು ತೋಟಕ್ಕೂ ಬಾಡಿಗೆಗೂ ಓಡಿಸಿದರು. ಈ ವಂಶ ಎಷ್ಟು ನೇರವಾದದ್ದೆಂದರೆ, ಮಹೀಂದ್ರಾ ತನ್ನ ರಾಕ್ಸರ್ ಗಾಡಿಯನ್ನು ಅಮೆರಿಕಕ್ಕೆ ಒಯ್ದಾಗ ಇದು ನಮ್ಮ ಜೀಪಿನ ರೂಪವೆಂದು ಫಿಯೆಟ್ ಕ್ರೈಸ್ಲರ್ 2018ರಲ್ಲಿ ದೂರು ಕೊಟ್ಟಿತು. 2020ರಲ್ಲಿ ಅಲ್ಲಿಯ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ದೂರನ್ನು ಎತ್ತಿಹಿಡಿಯಿತು, ರಾಕ್ಸರ್ ತನ್ನ ಮುಖ ಬದಲಿಸಿಕೊಳ್ಳಬೇಕಾಯಿತು.

ಗಾಡಿಯನ್ನು ಗುರುತಿಸುವುದೇ ಹವ್ಯಾಸದ ಅರ್ಧ ಸಂತೋಷ, ಅದಕ್ಕೆ ದುಡ್ಡು ಬೇಡ. ಜೀಪಿನಲ್ಲಿ ಮೊದಲು ಮುಂಭಾಗದ ಜಾಲರಿಯ ಸೀಳುಗಳನ್ನು ಎಣಿಸಬೇಕು. ಯುದ್ಧಕಾಲದ್ದಕ್ಕೆ ಒಂಬತ್ತು, ನಾಗರಿಕರಿಗೆಂದು 1945ರಿಂದ ಮಾಡಿದ್ದಕ್ಕೆ ಏಳು. ಒಂಬತ್ತು ಇದ್ದರೆ ಬಗ್ಗಿ ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿಯನ್ನು ನೋಡಬೇಕು. ಅದು ದುಂಡನೆಯ ಕೊಳವೆಯಾದರೆ ವಿಲ್ಲೀಸ್, ಬೋರಲಿಟ್ಟ ದೋಣಿಯಾಕಾರದ ಪಟ್ಟಿಯಾದರೆ ಫೋರ್ಡ್. ಫೋರ್ಡ್ ಕಂಪನಿ ತನ್ನ ಬೋಲ್ಟುಗಳ ತಲೆಯ ಮೇಲೂ ಸಣ್ಣದಾಗಿ ‘ಎಫ್’ ಅಕ್ಷರ ಒತ್ತುತ್ತಿತ್ತು. ತುಕ್ಕು ಒರೆಸಿದಾಗ ಆ ಅಕ್ಷರ ಕಂಡರೆ ಎಂಬತ್ತು ವರ್ಷದ ಹಿಂದಿನ ಕಾರ್ಖಾನೆಯ ಸಹಿ ಸಿಕ್ಕಂತೆ. ಆದರೆ ಒಂದು ಬೋಲ್ಟಿನಿಂದ ತೀರ್ಪು ಕೊಡಬಾರದು. ಇಷ್ಟು ವರ್ಷದಲ್ಲಿ ಒಂದರ ಭಾಗ ಇನ್ನೊಂದಕ್ಕೆ ಸೇರಿರುವುದೇ ಹೆಚ್ಚು. ಇನ್ನು ಬಾನೆಟ್ಟು ಎದ್ದು ನಿಂತಂತೆ ಎತ್ತರವಾಗಿದ್ದರೆ ಅದು ಸಿಜೆ-3ಬಿ. ಒಳಬರುವ ಗಾಳಿಯ ವಾಲ್ವುಗಳನ್ನು ಎಂಜಿನ್ನಿನ ತಲೆಗೆ ಏರಿಸಿದ ಹರಿಕೇನ್ ಎಂಜಿನ್ ಹಳೆಯ ಬಾನೆಟ್ಟಿನ ಕೆಳಗೆ ಹಿಡಿಸದೆ ಹೋದದ್ದೇ ಆ ಎತ್ತರಕ್ಕೆ ಕಾರಣ. ಹಳೆಯ ಎಂಜಿನ್ 60 ಅಶ್ವಶಕ್ತಿಯದು. ಎರಡರ ಗಾತ್ರವೂ ಒಂದೇ, 2.2 ಲೀಟರು.

ಕಾರುಗಳನ್ನು ದೂರದಿಂದಲೇ ಹೇಳಬಹುದು. ಬಾನೆಟ್ಟಿನ ನಡುವೆ ಉದ್ದಕ್ಕೂ ಬೆಳ್ಳಿ ಪಟ್ಟಿಗಳು ಹರಿದಿದ್ದರೆ ಪಾಂಟಿಯಾಕ್. ಮುಂದಿನ ಮಡ್‌ಗಾರ್ಡಿನ ಪಕ್ಕದಲ್ಲಿ ಸಾಲಾಗಿ ಮೂರೋ ನಾಲ್ಕೋ ದುಂಡು ತೂತುಗಳಿದ್ದರೆ 1949 ಅಥವಾ ಆಮೇಲಿನ ಬ್ಯೂಕ್. ಬಾನೆಟ್ಟಿನ ತುದಿಯಲ್ಲಿ ಟಗರು ಇದ್ದರೆ ಡಾಜ್, ಹಾಯಿಹಡಗು ಇದ್ದರೆ ಪ್ಲಿಮತ್. ವಿಮಾನದ ಮೂತಿಯಂತೆ ಮುಂಭಾಗದ ನಟ್ಟನಡುವೆ ಚೂಪಾದ ಉಬ್ಬು ಇದ್ದರೆ ಅದು ಬಹುಮಟ್ಟಿಗೆ 1950 ಅಥವಾ 1951ರ ಸ್ಟುಡಿಬೇಕರ್. ಹಿಂಭಾಗದ ಮಡ್‌ಗಾರ್ಡುಗಳು ರೆಕ್ಕೆಯಂತೆ ಏಳುವ ಶೈಲಿ 1948ರ ಕ್ಯಾಡಿಲಾಕ್‌ನಿಂದ ಶುರುವಾಗಿ 1959ರಲ್ಲಿ ಅತಿಯ ಎತ್ತರ ಮುಟ್ಟಿತು. ವಿನ್ಯಾಸಕಾರ ಹಾರ್ಲಿ ಅರ್ಲ್‌ನ ತಂಡಕ್ಕೆ ಅದರ ಪ್ರೇರಣೆ ಪಿ-38 ಯುದ್ಧವಿಮಾನ. ಗಾಜೂ ಕಾಲ ಹೇಳುತ್ತದೆ: ನಡುವೆ ಪಟ್ಟಿಯಿದ್ದು ಎರಡು ಚಪ್ಪಟೆ ತುಂಡಾದರೆ ಸಾಮಾನ್ಯವಾಗಿ 1950ರ ಆಸುಪಾಸಿನವರೆಗಿನದು, ಒಂದೇ ಬಾಗಿದ ಗಾಜಾದರೆ ಆಮೇಲಿನದು.

ಗುರುತಿಸಿದ್ದನ್ನು ದಾಖಲಿಸಲು ಒಂದು ಶಿಸ್ತು ಬೇಕು. ಊರು, ತಾರೀಖು, ಮಾದರಿ, ಬಣ್ಣ, ಉಳಿದಿರುವ ಮತ್ತು ಕಳೆದುಹೋದ ಭಾಗಗಳು, ಇಷ್ಟನ್ನು ಬರೆದಿಟ್ಟರೆ ಮುಂದೆ ಯಾರಿಗಾದರೂ ಉಪಯೋಗ. ಅಂಗಳದೊಳಗಿನ ಗಾಡಿಯ ಫೋಟೊ ತೆಗೆಯುವ ಮುಂಚೆ ಮನೆಯವರನ್ನು ಕೇಳಲೇಬೇಕು. ಗಾಡಿ ನಿಂತ ಜಾಗವನ್ನೂ ನಂಬರನ್ನೂ ಊರಿಗೆಲ್ಲ ಸಾರಬಾರದು. ಒಂದು ಲಾಂಛನ, ಒಂದು ದೀಪದ ಬಳೆ ಕಳುವಾದರೆ ಅದನ್ನು ಮತ್ತೆ ಹುಡುಕಲು ವರ್ಷಗಳೇ ಬೇಕಾಗಬಹುದು.

ಕೊಳ್ಳುವಾಗ ಮೊದಲ ಪ್ರಶ್ನೆ ಎಂಜಿನ್ ಓಡುತ್ತದೆಯೇ ಎಂಬುದಲ್ಲ, ಆರ್‌ಸಿ ಪುಸ್ತಕ ಇದೆಯೇ ಎಂಬುದು. ಕಾಗದವಿಲ್ಲದ ಸುಂದರ ಕಾರಿಗಿಂತ ಕಾಗದವಿರುವ ತುಕ್ಕು ಹಿಡಿದ ಕಾರು ಮೇಲು. ಪುಸ್ತಕದಲ್ಲಿರುವ ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ಹೊಂದಬೇಕು. ಜೀಪಿನಲ್ಲಿ ಅದು ಮುಂದಿನ ಬಂಪರಿನ ಹತ್ತಿರ ಎಡಗಡೆ ಚಾಸಿಯ ಮೇಲಿರುತ್ತದೆ. ಕ್ರೈಸ್ಲರ್ ಬಳಗದ ಕಾರುಗಳಲ್ಲಿ ಮುಂದಿನ ಬಾಗಿಲಿನ ಕಂಬದ ಮೇಲೆ ಹುಡುಕಬೇಕು. ಮೂಲ ಮಾಲೀಕರು ತೀರಿಕೊಂಡು ಹೆಸರು ಬದಲಾಗದೆ ಉಳಿದಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಪಡೆದು ಮುಂದುವರಿಯಬೇಕು, ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ತಕರಾರು ಏಳುತ್ತದೆ.

ಕಾನೂನು 2021ರ ಜುಲೈಯಲ್ಲಿ ಬದಲಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು ಮತ್ತು ಬೈಕುಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು, ಮತ್ತು ಸಾಧ್ಯವಾದರೆ ಉಳಿಸಿಕೊಳ್ಳಲೇಬೇಕು, ಏಕೆಂದರೆ ಆ ನಂಬರೂ ಚರಿತ್ರೆಯ ಭಾಗ. ಹೀಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ರಿಪೇರಿ, ಇಂಧನ ತುಂಬಿಸುವುದು ಇಷ್ಟಕ್ಕೆ ರಸ್ತೆಗಿಳಿಸಬಹುದು. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದೆಂಬ ಷರತ್ತು ನಮ್ಮ ಭಾಗದ ಜೀಪುಗಳಿಗೆ ಬಿಸಿ ಮುಟ್ಟಿಸುತ್ತದೆ. ಪೆಟ್ರೋಲು ದುಬಾರಿಯೆಂದು ಎಷ್ಟೋ ಜೀಪುಗಳ ಮೂಲ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಲಾಗಿದೆ. ದುಡಿಮೆಯ ಗಾಡಿಗೆ ಅದು ಸರಿಯಾದ ನಿರ್ಧಾರವೇ ಆಗಿತ್ತು. ಉಳಿಸಿಕೊಳ್ಳಬೇಕೆಂದಿರುವ ಗಾಡಿಗೆ ಮಾತ್ರ ಮೂಲ ಎಂಜಿನ್ ಹುಡುಕಿ ತರುವುದೇ ಸರಿ. ಅದು ಕಾರ್ಖಾನೆಯ ಶೆಡ್ಡಿನಲ್ಲೋ ಗುಜರಿಯಲ್ಲೋ ಇನ್ನೂ ಸಿಕ್ಕೀತು. ಇಡೀ ಜೀಪು ಸಿಗುವುದು ಮಾತ್ರ ಇನ್ನು ಮುಂದೆ ಕಷ್ಟ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ರದ್ದುಗೊಳಿಸಿ ಅವುಗಳನ್ನು ಗುಜರಿಗೆ ಕಳಿಸುವ ನಿಯಮ ಬಂದಿರುವುದರಿಂದ ಇಲಾಖೆಯ ಹರಾಜಿನಲ್ಲಿ ಓಡುವ ಜೀಪು ಹಿಡಿಯುವ ಕಾಲ ಮುಗಿಯಿತು.

ದುರಸ್ತಿಯ ಕೆಲಸ ಬಿಚ್ಚುವುದರಿಂದ ಶುರು. ಪ್ರತಿ ಹಂತದಲ್ಲೂ ಫೋಟೊ ತೆಗೆದು, ನಟ್ಟುಬೋಲ್ಟುಗಳನ್ನು ಡಬ್ಬಿಗಳಲ್ಲಿ ಚೀಟಿ ಹಚ್ಚಿ ಇಡಬೇಕು. ಅಮೆರಿಕದ ಗಾಡಿಯ ಬೋಲ್ಟುಗಳು ಇಂಚಿನ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ಬಲ ಕೊಟ್ಟರೆ ಮೂಲೆ ಸವೆದುಹೋಗುತ್ತದೆ. ಕ್ರೈಸ್ಲರ್ ಬಳಗದ ಹಳೆಯ ಕಾರುಗಳಲ್ಲಿ ಎಡಗಡೆಯ ಚಕ್ರಗಳ ಬೋಲ್ಟುಗಳು ಉಲ್ಟಾ ಥ್ರೆಡ್ಡಿನವು. ಗೊತ್ತಿಲ್ಲದ ಮಿಸ್ತ್ರಿ ಎಂದಿನಂತೆ ತಿರುಗಿಸಿ ಬೋಲ್ಟು ಮುರಿದದ್ದು ಎಲ್ಲ ಊರಿನಲ್ಲೂ ನಡೆಯುವ ಮಾತು. ಬ್ಯಾಟರಿಯೂ ಅಷ್ಟೇ. 1950ರ ದಶಕದ ನಡುವಿನವರೆಗೆ ಹೆಚ್ಚಿನವು 6 ವೋಲ್ಟಿನವು. ಫೋರ್ಡ್ ಮತ್ತು ಕ್ರೈಸ್ಲರ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಚಾಸಿಗೆ ಕೊಡಬೇಕು, ಷೆವರ್ಲೆಯಲ್ಲಿ ಮೈನಸ್ ತುದಿಯನ್ನು. ಈ ಒಂದು ವಿಷಯ ತಪ್ಪಿದರೆ ಡೈನಮೊ ಸುಡಬಹುದು.

ಎಂಜಿನ್ನುಗಳು ಸರಳ, ಅದೇ ಅವುಗಳ ದೀರ್ಘಾಯುಷ್ಯದ ಗುಟ್ಟು. ಡಾಜ್, ಪ್ಲಿಮತ್‌ಗಳ ಆರು ಸಿಲಿಂಡರಿನ ಸೈಡ್ ವಾಲ್ವ್ ಎಂಜಿನ್ನನ್ನು ಹುಬ್ಬಳ್ಳಿಯಂಥ ಊರಿನ ಒಳ್ಳೆಯ ಲೇತಿನವರು ರೀಬೋರ್ ಮಾಡಿ, ಸ್ಲೀವ್ ಹಾಕಿ ಎದ್ದು ನಿಲ್ಲಿಸಬಲ್ಲರು. 1952ರವರೆಗಿನ ಷೆವರ್ಲೆಯಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಅದರ ಕನೆಕ್ಟಿಂಗ್ ರಾಡಿನ ಬೇರಿಂಗು ಬಿಡಿಭಾಗವಲ್ಲ, ರಾಡಿಗೇ ಎರಕ ಹೊಯ್ದ ಬಿಳಿ ಲೋಹ. ಎಣ್ಣೆ ಅಲ್ಲಿಗೆ ಹೋಗುವುದೂ ಒತ್ತಡದ ಕೊಳವೆಯಿಂದಲ್ಲ, ತಿರುಗುವಾಗ ರಾಡಿನ ಬಾಯಿ ಎಣ್ಣೆಯನ್ನು ಮೊಗೆದುಕೊಳ್ಳುವುದರಿಂದ. ಹಾಗಾಗಿ ಎಣ್ಣೆ ಕಡಿಮೆಯಾದರೂ, ವಿಪರೀತ ವೇಗದಲ್ಲಿ ಓಡಿಸಿದರೂ ಮೊದಲು ಹೋಗುವುದು ಆ ಬೇರಿಂಗು. ಬಿಳಿ ಲೋಹ ಹೊಯ್ದು ಕೈಯಿಂದ ಕೆರೆದು ಕೂಡಿಸುವ ಕೈಚಳಕ ಈಗ ಕೆಲವೇ ಹಿರಿಯ ಮಿಸ್ತ್ರಿಗಳಲ್ಲಿ ಉಳಿದಿದೆ. ಅವರು ಇರುವಾಗಲೇ ಕಲಿಯಬೇಕಾದ ವಿದ್ಯೆ ಇದು.

ಬಾಡಿಯ ಕೆಲಸದಲ್ಲಿ ಅಡ್ಡದಾರಿಗಳು ಹೆಚ್ಚು. ತುಕ್ಕು ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲ ಚೆನ್ನಾಗಿ ಕಾಣುತ್ತದೆ, ಎರಡನೆಯದಕ್ಕೆ ಗುಳ್ಳೆ ಏಳುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ ಅದೇ ದಪ್ಪದ ಹೊಸ ತಗಡನ್ನು ಬೆಸೆದು, ಸುತ್ತಿಗೆ ಮತ್ತು ಅಡಿಗಟ್ಟಿಯಿಂದ ತಟ್ಟಿ ಮಟ್ಟ ಮಾಡುವುದೊಂದೇ ನಿಜವಾದ ದಾರಿ. 1930ರ ದಶಕದ ನಡುವಿನವರೆಗೆ ಜನರಲ್ ಮೋಟಾರ್ಸ್ ಕಾರುಗಳ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತಿತ್ತು. ಬಾಗಿಲು ಜೋತು ಬಿದ್ದಿದ್ದರೆ ತಪ್ಪು ಹಿಂಜಿನದಲ್ಲ, ಒಳಗಿನ ಮರ ಹುಳ ಹಿಡಿದಿರುತ್ತದೆ. ಸಾಗುವಾನಿಯ ಸೀಮೆಯಾದ ಇಲ್ಲಿ ಅದನ್ನು ಮಾಡಿಕೊಡುವ ಬಡಗಿಗಳಿಗೆ ಕೊರತೆಯಿಲ್ಲ. ಹೊಳಪಿನ ಭಾಗಗಳಿಗೆ ತಾಮ್ರ, ನಿಕಲ್, ಕ್ರೋಮ್ ಎಂದು ಮೂರು ಪದರ ಕೊಡಬೇಕು. ನೇರವಾಗಿ ಕ್ರೋಮ್ ಹಾಕಿದ್ದು ಬಾಳಿಕೆ ಬರುವುದಿಲ್ಲ. ಚಪ್ಪಟೆ ಗಾಜನ್ನು ಊರಿನ ಗಾಜಿನಂಗಡಿಯವರು ಲ್ಯಾಮಿನೇಟೆಡ್ ಗಾಜಿನಿಂದ ಕತ್ತರಿಸಿ ಕೊಡುತ್ತಾರೆ, ಬಾಗಿದ ಗಾಜು ಒಡೆದ ಕಾರನ್ನು ಕೊಳ್ಳುವ ಮುಂಚೆ ಎರಡು ಸಲ ಯೋಚಿಸಬೇಕು. ಜೀಪಿನ ಟೈರಿಗೆ ಚಿಂತೆಯಿಲ್ಲ. ಅದರ 6.00-16 ಅಳತೆ ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ಆಗುವಂಥದ್ದಾದ್ದರಿಂದ ಇಂದಿಗೂ ತಯಾರಾಗುತ್ತಿದೆ. ಕೊಳ್ಳುವಾಗ ಜೀಪಿಗೆಂದೇ ಮಾಡಿದ್ದನ್ನು ಕೇಳಿ ಪಡೆಯಬೇಕು.

ಎಲ್ಲವನ್ನೂ ಹೊಸದು ಮಾಡಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಮಾಸಿದರೂ ಉಳಿದಿದ್ದರೆ, ಇಲಾಖೆಯ ಹೆಸರು ಬಾಗಿಲ ಮೇಲೆ ಮಸುಕಾಗಿ ಕಾಣುತ್ತಿದ್ದರೆ ಅದನ್ನು ಹಾಗೆಯೇ ಕಾಪಾಡುವುದು ಹೊಳೆಯುವ ಹೊಸ ಬಣ್ಣಕ್ಕಿಂತ ದೊಡ್ಡ ಕೆಲಸ. ಒಮ್ಮೆ ಕೆರೆದು ತೆಗೆದ ಬಣ್ಣ ಮತ್ತೆ ಬಾರದು.

ಓಡಿಸುವ ಹಂತದಲ್ಲಿ ಈಗಿನ ಪೆಟ್ರೋಲಿನ ಸಮಸ್ಯೆ ಎದುರಾಗುತ್ತದೆ. ಸೀಸ ಬೆರೆಸಿದ ಪೆಟ್ರೋಲು ಭಾರತದಲ್ಲಿ 2000ದಲ್ಲೇ ನಿಂತಿತು. ಎಂಜಿನ್ ಬಿಚ್ಚಿದಾಗ ಹೊಗೆ ಹೊರಡುವ ವಾಲ್ವುಗಳಿಗೆ ಗಟ್ಟಿ ಸೀಟು ಕೂರಿಸಿದರೆ, ಸೀಸವಿಲ್ಲದೆ ಸೀಟು ಸವೆಯುವ ಚಿಂತೆ ತೀರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಬೆರೆತದ್ದು. ಅದು ಹಳೆಯ ರಬ್ಬರು, ಪಂಪಿನ ಡಯಾಫ್ರಮ್, ಟ್ಯಾಂಕಿನೊಳಗಿನ ಕಾರ್ಕ್ ತೇಲುಬುರುಡೆಗಳನ್ನು ಹಾಳುಮಾಡುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಎಥೆನಾಲ್ ತಡೆಯುವ ಪೈಪುಗಳನ್ನು ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಮತ್ತು ಕಾರ್ಬೊರೇಟರ್ ಬರಿದು ಮಾಡುವುದು ಅಗತ್ಯ.

ಉತ್ತರ ಕನ್ನಡದ ಮಳೆಗಾಲ ಹಳೆಯ ಗಾಡಿಗೆ ಅತಿ ದೊಡ್ಡ ಶತ್ರು. ಮುಂಡಗೋಡ, ಹಳಿಯಾಳಗಳ ಬಯಲಿನ ಕಡೆಗಿಂತ ಜೋಯಿಡಾದ ಕಾಡಿನಲ್ಲಿ ತೇವ ಬಹಳ ಹೆಚ್ಚು. ಪ್ಲಾಸ್ಟಿಕ್ ಹೊದಿಸಿದರೆ ಬೆವರು ಕಟ್ಟಿ ತುಕ್ಕು ಬೇಗ ಬರುತ್ತದೆ. ಗಾಳಿಯಾಡುವ ಶೆಡ್ಡು, ಸಿಮೆಂಟಿನ ನೆಲ, ಹತ್ತಿಬಟ್ಟೆಯ ಹೊದಿಕೆ ಒಳ್ಳೆಯದು. ಮೇ ತಿಂಗಳಲ್ಲೇ ಚಾಸಿಯನ್ನು ತೊಳೆದು ಒಣಗಿಸಿ, ಪಾಟಾಗಳ ಸಂದಿಗೂ ಬಾಗಿಲ ಕೆಳಗಿನ ಪೊಳ್ಳಿಗೂ ಮೇಣದ ತುಕ್ಕುನಿರೋಧಕ ಸಿಂಪಡಿಸಬೇಕು. ಬಾಗಿಲ ತಳದ ನೀರು ಹೋಗುವ ತೂತುಗಳು ಮುಚ್ಚಿರಬಾರದು. ಇಲಿ ವೈರು ಕಡಿಯದಂತೆ ಸೀಟಿನ ಕೆಳಗೆ ಕಾಳುಕಡಿ ಬೀಳದಂತೆ ನೋಡಿಕೊಳ್ಳಬೇಕು. ಬ್ಯಾಟರಿ ಕಳಚಿಟ್ಟು, ಚಕ್ರಗಳನ್ನು ನೆಲದಿಂದ ಎತ್ತಿ ಜಾಕ್‌ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಟೈರು ಚಪ್ಪಟೆಯಾಗುವುದಿಲ್ಲ. ಮಳೆ ನಿಂತು ರಸ್ತೆ ಒಣಗಿದ ಮೇಲೆ ಮೊದಲು ಬ್ರೇಕಿನ ಎಣ್ಣೆ ಬದಲಿಸಬೇಕು, ಏಕೆಂದರೆ ಅದೂ ತೇವ ಹೀರುತ್ತದೆ, ಚಕ್ರದ ಸಿಲಿಂಡರುಗಳು ಒಳಗಿನಿಂದ ತುಕ್ಕು ಹಿಡಿದು ಸೋರತೊಡಗುತ್ತವೆ. ಈ ಗಾಡಿಗಳ ಬ್ರೇಕು ಒಂದೇ ಕೊಳವೆಯ ವ್ಯವಸ್ಥೆಯದ್ದು, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಹಿಡಿತ ಹೋಗುತ್ತದೆ. ಹ್ಯಾಂಡ್‌ಬ್ರೇಕನ್ನೂ ಪರೀಕ್ಷಿಸಿದ ಮೇಲೆಯೇ ಘಟ್ಟದ ಇಳಿಜಾರಿಗೆ ಇಳಿಸಬೇಕು.